ಹಂಪಣ್ಣ ಸಾಕಿದ ಕೆಂಪು ಜೀವ

ಹಂಪಣ್ಣನ ಮುತ್ತಜ್ಜ ಈರಣ್ಣ ರಾಯಚೂರು ಸೀಮೆಯ ಸೌಳು ಮಣ್ಣು ಸೋಸಿ ಉಪ್ಪು ತೆಗೆದವನು. ಅಜ್ಜ ದುರುಗಪ್ಪ ಉಪ್ಪಿನ ಮಡಿಯ ನೀರು ಕೆಂಪಡರಿದ್ದು ಕಂಡೇ ಹರಳುಗಟ್ಟುವ ದಿನ ಹೇಳುತ್ತಿದ್ದ, ಒಮ್ಮೆಯೂ ಸುಳ್ಳಾಗಲಿಲ್ಲ. ಅಪ್ಪ ಭೀಮಪ್ಪ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಗೆ ಬಂದು, ಹಲಸೂರು ಕೆರೆಯ ಹೂಳು ಹೊತ್ತ. ಹಂಪಣ್ಣ ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಇಂದಿರಾನಗರದ ಕಾಲೇಜೊಂದರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಗಾಜು ತೊಳೆಯುತ್ತಲೇ ಪಾಠ ಕೇಳಿ ಕಲಿತ.

ಅಲ್ಲಿ ಮೂರು ಕಪಾಟು. ಜೀವರಾಶಿಯನ್ನೆಲ್ಲ ಡೊಮೇನ್ ಎಂಬ ಮೂರು ದೊಡ್ಡ ಪಂಗಡ ಮಾಡಿದ್ದಾರಲ್ಲ, ಒಂದೊಂದಕ್ಕೆ ಒಂದೊಂದು. ಮೊದಲನೆಯದು ಬ್ಯಾಕ್ಟೀರಿಯಾದ್ದು, ಎರಡನೆಯದು ಆರ್ಕಿಯಾದ್ದು. ಮೂರನೆಯದರಲ್ಲಿ ಕೋಶದೊಳಗೆ ನ್ಯೂಕ್ಲಿಯಸ್ ಇರುವ ಯೀಸ್ಟು, ಪಾಚಿ. ಗಿಡಮರವೂ ನಾವೂ ಆ ಪಂಗಡವೇ. ಮೊದಲೆರಡಕ್ಕೂ ನ್ಯೂಕ್ಲಿಯಸ್ ಇಲ್ಲ, ನೋಡಲು ಅಣ್ಣತಮ್ಮಂದಿರಂತೆ. ಒಳಗಿನ ಆನುವಂಶಿಕ ಬರಹ ಓದಿದಾಗಲೇ ಮನೆತನ ಬೇರೆಂದು ತಿಳಿದದ್ದು. ಹಂಪಣ್ಣ ಹನ್ನೊಂದು ವರ್ಷ ಸಾಕಿದ ಕೆಂಪು ಆರ್ಕಿಯಾಗೆ ಉಪ್ಪೇ ಉಸಿರು; ಅಜ್ಜನ ಮಡಿಯ ನೀರಿಗೆ ಕೆಂಪೇರಿಸುತ್ತಿದ್ದುದೂ ಇಂಥವೇ. ಸಪ್ಪೆ ನೀರು ಬಿದ್ದರೆ ಕೋಶ ಒಡೆದು ಸಾಯುತ್ತದೆ. ಇದ್ದದ್ದೇ ಆರು ಸೀಸೆ.

ಸೋಮವಾರ ಬೆಳಿಗ್ಗೆ ಹಂಪಣ್ಣ ಬಾಗಿಲು ದಾಟಿ ಒಳಗೆ ಬಂದ. ಎರಡನೆಯ ಕಪಾಟು ಖಾಲಿ. ಆರೂ ಸೀಸೆ ಮೇಜಿನ ಮೇಲೆ. ಹೊಸ ಉಪನ್ಯಾಸಕ ನರೇಶನ ಕೈಯಲ್ಲಿ ಬ್ಯಾಕ್ಟೀರಿಯಾಗೆ ಆಹಾರವಾಗಿ ಹಾಕುವ ಸಪ್ಪೆ ಸಾರಿನ, ಅಂದರೆ ಬ್ರಾತಿನ ಜಗ್ಗು, ಆರನೆಯ ಸೀಸೆಯ ಮೇಲೆ ವಾಲಿತ್ತು.

"ಕೈ ತಗೀರಿ ಸರ!"

"ಯಾಕ್ರೀ? ಕಪಾಟಿನ ಚೀಟಿ ಉದುರೋಗಿತ್ತು, ಮೈಕ್ರೋಸ್ಕೋಪಲ್ಲಿ ನೋಡ್ದೆ. ನ್ಯೂಕ್ಲಿಯಸ್ಸೇ ಇಲ್ಲ. ಬ್ಯಾಕ್ಟೀರಿಯಾ ತಾನೇ?"

"ನ್ಯೂಕ್ಲಿಯಸ್ ಇಲ್ಲದ್ದೆಲ್ಲ ಬ್ಯಾಕ್ಟೀರಿಯಾ ಅಂದ್ರ, ಮೀಸಿ ಇಲ್ಲದವರೆಲ್ಲ ನಮ್ಮವ್ವ ಆಗ್ತಾರೇನ್ರಿ? ಇವು ಆರ್ಕಿಯಾ!"

ಹಂಪಣ್ಣ ಆಗಲೇ ಬ್ರಾತು ಬಿದ್ದಿದ್ದ ಐದು ಸೀಸೆಗಳನ್ನು ಬೆಳಕಿಗೆ ಹಿಡಿದ. ಕೆಂಪು ಕದಡು ತಿಳಿಯಾಗಿ ಲೋಳೆಯಂತೆ ಎಳೆಯಾಡುತ್ತಿತ್ತು. ಐದೂ ಸತ್ತಿದ್ದವು.

"ಆರನೇದಕ್ಕ ಬಿತ್ತೇನು?"

"ಇಲ್ಲ ಅನ್ಸುತ್ತೆ... ಗೊತ್ತಿಲ್ಲ," ನರೇಶ ಜಗ್ಗನ್ನು ಹಿಂದಕ್ಕೆ ಸೆಳೆದುಕೊಂಡ.

ಹಂಪಣ್ಣ ಆರನೆಯ ಸೀಸೆಯ ಒಂದು ಹನಿಯನ್ನು ಗಾಜಿನ ಪಟ್ಟಿಗೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದ. ಮೊದಲು ಏನೂ ಕಾಣಲಿಲ್ಲ. ತಿರುಪು ಸರಿಮಾಡಿದ. ಕಡ್ಡಿಯಂಥ ಜೀವಗಳು ವಿರಳವಾಗಿ, ಆದರೂ ಈಜುತ್ತಿದ್ದವು. ಒಂದಿಷ್ಟು ಸಪ್ಪೆ ಬಿದ್ದೇ ಇತ್ತು; ತಡಮಾಡದೆ ಹೊಸ ಉಪ್ಪಿನ ಬ್ರಾತಿಗೆ ದಾಟಿಸಬೇಕು. ಗಾಳಿಯ ಧೂಳು ಬಿದ್ದರೂ ಕೆಟ್ಟೀತು. ಅದನ್ನು ತಡೆಯಲು ಬರ್ನರ್ ಹಚ್ಚಿದ. ಕೊಳವೆ ಕೈಗೆತ್ತಿಕೊಂಡ.

"ತಪ್ಪು ನಂದು, ಕೊಡಿ ಹಂಪಣ್ಣೋರೇ. ನಿಮ್ಮ ಕೈ ನಡುಗ್ತಿದೆ, ನಾನೇ ಹಾಕ್ತೀನಿ."

"ಬ್ಯಾಡ್ರಿ ಸರ. ನಡುಗಿದ್ರೂ ಇವನ್ನ ಸಾಕಿದ ಕೈ ಐತಿ ಇದು. ನೀವು ಆ ಜಗ್ಗು ತಗೊಂಡು ಹೊರಗ ನಿಂದರ್ರಿ."