ಸೋಯಾ ಹೊಲದ ಮುಯ್ಯಾಳು

ಬಾಯಾರ ತೋಟಕ್ಕೆ ಬೇಲಿ ಇರಲಿಲ್ಲ. ಆದರೂ ಅದು ಎಲ್ಲಿ ಶುರುವಾಗುತ್ತದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಏಕಸಂಬಿಯ ಸುತ್ತ ಕಣ್ಣು ಹಾಯ್ದಷ್ಟು ಕಬ್ಬು, ಸೋಯಾ, ಅವುಗಳ ನಡುವೆ ಈ ನಾಲ್ಕೆಕರೆ. ನುಗ್ಗೆ, ಪಪ್ಪಾಯಿ, ಸೀತಾಫಲ, ಅವುಗಳ ಬುಡಕ್ಕೆ ಅರಿಶಿನ, ಕೆಸು, ಕುಂಬಳ, ಎಲ್ಲವೂ ಒಂದರ ಮೈಮೇಲೊಂದು ಬಿದ್ದು ಬೆಳೆದಿದ್ದವು. ಊರವರು ಅದನ್ನು ಕಸದ ತೋಟ ಎನ್ನುತ್ತಿದ್ದರು. ಸುಳ್ಳೇಕೆ ಹೇಳಲಿ, ಮೊದಲ ಸಲ ನೋಡಿದಾಗ ನನಗೂ ಹಾಗೇ ಕಂಡಿತ್ತು.

ನಾನು ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಯವಳು. ಔಷಧಿ ಹೊಡೆಯುವ ದಿನ ಕಿಟಕಿ ಬಾಗಿಲು ಹಾಕಿಕೊಂಡು, ಮೂಗಿಗೆ ಸೆರಗು ಹಿಡಿದುಕೊಂಡು ಬೆಳೆದವಳು. ವಿಷವಿಲ್ಲದೆ ಬೆಳೆಯುವ ತೋಟವೊಂದು ಇದೆ, ಬಂದವರಿಗೆ ಊಟ ವಸತಿ ಕೊಟ್ಟು ಕೆಲಸ ಕಲಿಸುತ್ತಾರೆ ಎಂದು ಕೇಳಿ ಒಂದು ವಾರಕ್ಕೆಂದು ಹೋದೆ. ಮೂರು ವರ್ಷ ಉಳಿದೆ.

ತೋಟದ ಒಡತಿ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅದಕ್ಕೇ ನಮ್ಮೆಲ್ಲರ ಬಾಯಲ್ಲಿ ಅವರು ಬಾಯಾರು, ಈ ಕಡೆ ಟೀಚರಮ್ಮನನ್ನು ಕರೆಯುವ ಹಾಗೆ. ಒಂಟಿ ಜೀವ, ಮೊಣಕಾಲು ನೋವು, ಉಳದೆ, ವಿಷ ಹಾಕದೆ ಕಾಡಿನಂತೆ ಬೆಳೆಸುವ ಪರ್ಮಾಕಲ್ಚರ್ ಎಂದರೆ ಪ್ರಾಣ. ಪುಣೆ, ಬೆಳಗಾವಿ, ಬೆಂಗಳೂರಿನಿಂದ ಸ್ವಯಂಸೇವಕರು ಬಂದು ಹೋಗುತ್ತಿದ್ದರು. ಅಡುಗೆ, ಮುಸುರೆ, ಗೊಬ್ಬರ ತಿರುವುವುದು ಎಲ್ಲವೂ ಪಾಳಿಯ ಮೇಲೆ. ಇಂಜಿನಿಯರೊಬ್ಬ ಒಂದು ತಿಂಗಳು ರೊಟ್ಟಿ ಬಡಿಯಲು ಕಲಿತು, ಕೊನೆಗೂ ಗುಂಡಗೆ ಬಂದ ಒಂದೇ ಒಂದು ರೊಟ್ಟಿಯನ್ನು ತಿನ್ನಲು ಮನಸ್ಸಾಗದೆ ಗೋಡೆಗೆ ತೂಗುಹಾಕಿದ. ಅಷ್ಟು ನಕ್ಕ ದಿನಗಳು ನನಗೆ ಮತ್ತೆ ಸಿಗಲಿಲ್ಲ.

ಬಾಯಾರು ಒಂದು ಪದ್ಧತಿ ಮಾಡಿದ್ದರು. ಬೆಳಗ್ಗೆ ಬೇವಿನ ಮರದ ಕೆಳಗೆ ಎಲ್ಲರೂ ದುಂಡಗೆ ಕೂರಬೇಕು, ಒಂದು ಕಟ್ಟಿಗೆಯ ಸವಟು ಕೈಯಿಂದ ಕೈಗೆ ಹೋಗಬೇಕು, ಅದು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು. ಒಬ್ಬರು ಬೇಡವೆಂದರೂ ಆ ಕೆಲಸ ಆಗುವಂತಿಲ್ಲ. ಶಾಲೆಯಲ್ಲಿ ಜೀವಮಾನವೆಲ್ಲ ಹೆಡ್‌ಮಾಸ್ತರರ ಅಪ್ಪಣೆ ಕೇಳಿ ಸಾಕಾಗಿತ್ತಂತೆ ಅವರಿಗೆ. ಒಮ್ಮೆ ಬಸವನಹುಳುಗಳನ್ನು ಕೊಲ್ಲಬೇಕೋ ಎತ್ತಿ ಆಚೆ ಬಿಡಬೇಕೋ ಎಂದು ಮಧ್ಯಾಹ್ನದವರೆಗೆ ಸವಟು ತಿರುಗಿತು. ಅಷ್ಟರಲ್ಲಿ ಹುಳುಗಳು ಅವರೆ ಸಸಿಗಳನ್ನು ಮುಗಿಸಿದ್ದವು.

ಬದುವಿನಾಚೆ ಒಂದು ಜೈನ ಕುಟುಂಬದ ಸೋಯಾ ಹೊಲ. ಗಂಡ ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುವ ಟ್ರ್ಯಾಕ್ಟರಿನ ಹಿಂದೆ ಹೋಗಿಬಿಟ್ಟರೆ ಹೊಲವೆಲ್ಲ ಹೆಂಡತಿಯ ತಲೆಯ ಮೇಲೆ. ಆಕೆಯನ್ನು ನಾವು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ನಾವು ಗಿಡಗಳ ಬುಡಕ್ಕೆ ಹೊದಿಕೆ ಹಾಕುವ ಕಾಲಕ್ಕೆ ಕರೆಯದೆಯೇ ಕಾಕು ಬಂದರು. ತಮ್ಮ ಕಬ್ಬಿನ ಗದ್ದೆಯಲ್ಲಿ ಸುಡಬೇಕಿದ್ದ ಒಣಗರಿಯ ರವದಿಯನ್ನು ಗಾಡಿಗೆ ಹೇರಿಸಿ ತಂದರು, ಇಬ್ಬರು ನಾದಿನಿಯರನ್ನೂ ಕರೆತಂದರು, ಹೊತ್ತು ಮುಳುಗುವ ಮುಂಚೆ ಊಟ ಮಾಡುವವರಾದ್ದರಿಂದ ಬೇಗ ಎದ್ದು ಹೋದರು. ಎರಡು ವರ್ಷವೂ ಹೀಗೇ. ನಮ್ಮವರು ದುಂಡಗೆ ನಿಂತು ಚಪ್ಪಾಳೆ ಹೊಡೆದರು, ಫೋಟೋ ತೆಗೆದರು. ಇವರೂ ಸ್ವಯಂಸೇವಕರೇ ಎಂದು ಬಾಯಾರು ಹೆಮ್ಮೆಪಟ್ಟರು.

ಅದು ಸೇವೆಯಾಗಿರಲಿಲ್ಲ, ಮುಯ್ಯಿ. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನನ್ನ ಸುಗ್ಗಿಗೆ ನೀನು ಬರಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಮರ್ಯಾದೆಯೂ ಅಲ್ಲ. ನಾನು ಒಕ್ಕಲುಮನೆಯವಳು, ನನಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಮೊದಲೆರಡು ಸುಗ್ಗಿಗೆ ಕೂಲಿಯಾಳು ಸಿಕ್ಕಿದ್ದರಿಂದ ಕಾಕು ನಮ್ಮನ್ನು ಕರೆದಿರಲಿಲ್ಲ. ಮೂರನೆಯ ವರ್ಷ ಸುತ್ತಮುತ್ತಲ ಸೋಯಾ ಎಲ್ಲ ಒಮ್ಮೆಲೇ ಬಲಿತು ಆಳುಗಳಿಗೆ ಬರ ಬಂತು. ಕಾಕುವಿನ ಹೊಲದಲ್ಲಿ ಕೊಯ್ದ ಬೆಳೆ ಹಾಗೇ ಬಿದ್ದಿತ್ತು. ಚಿತ್ತಾ ಮಳೆಯ ಮೋಡ ನಿಪ್ಪಾಣಿಯ ಕಡೆಯಿಂದ ಕಪ್ಪಗೆ ಏರುತ್ತಿತ್ತು. ಕಾಕು ಬೇವಿನ ಮರದ ಹತ್ತಿರ ಬಂದು ನಿಂತರು.

"ಬಾಯಾರ, ನಾಕ ಮಂದೀನ ಕಳಸ್ರಿ. ಇವತ್ತ ಒಟ್ಟಿ ತಾಡಪತ್ರಿ ಹಾಕಲಿಲ್ಲಂದ್ರ ಕಾಯಾಗನ ಮೊಳಕಿ ಒಡೀತೈತಿ."

ನಾವು ಹತ್ತು ಹನ್ನೆರಡು ಮಂದಿ ಇದ್ದೆವು. ಅಷ್ಟರಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು, ಆ ಹೊಲಕ್ಕೆ ಕಳೆನಾಶಕ ಹೊಡೆದಿದ್ದಾರಲ್ಲವೇ, ವಿಷದ ಹೊಲಕ್ಕೆ ಕೈ ಹಚ್ಚುವುದಿಲ್ಲವೆಂದು ನಾವೇ ಒಪ್ಪಿದ್ದೆವಲ್ಲ ಎಂದಳು. ಅವಳದೂ ತಪ್ಪಲ್ಲ, ಹಾಗೆ ಒಪ್ಪಿದ್ದು ನಿಜ. ಬಾಯಾರು ಸವಟು ತರಿಸಿದರು. ಅದು ಒಬ್ಬೊಬ್ಬರ ಕೈಗೂ ಹೋಯಿತು. ಮಣ್ಣಿನ ಬಗ್ಗೆ, ಮಾರುಕಟ್ಟೆಯ ಬಗ್ಗೆ, ತತ್ವದ ಬಗ್ಗೆ ಒಳ್ಳೊಳ್ಳೆಯ ಮಾತುಗಳು ಬಂದವು. ದುಂಡಿನ ಹೊರಗೆ ನಿಂತಿದ್ದ ಕಾಕುವಿಗೆ ಸವಟು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗುಡುಗು ಶುರುವಾಯಿತು. ಎಲ್ಲರೂ ಒಪ್ಪದೆ ನಾನು ಹೇಗೆ ಕಳಿಸಲಿ ಎಂದು ಬಾಯಾರು ತಲೆ ತಗ್ಗಿಸಿದರು.

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಎದ್ದವಳೇ ಕಾಕುವಿನ ಜೊತೆ ನಡೆದೆ. ಕಾಕು, ಅವರ ಇಬ್ಬರು ನಾದಿನಿಯರು, ನಾನು, ಹೀಗೆ ನಾಲ್ವರು ಹೆಂಗಸರು ಅರ್ಧ ಬೆಳೆ ಒಟ್ಟಿ ಮುಚ್ಚಿದೆವು. ಉಳಿದರ್ಧ ಕಣ್ಣೆದುರಿಗೇ ನೆನೆಯಿತು. ಕಾಕು ಅಳಲಿಲ್ಲ, ಬಯ್ಯಲೂ ಇಲ್ಲ. ಸಂಜೆ ತೋಯ್ದ ಬಟ್ಟೆಯಲ್ಲೇ ತೋಟಕ್ಕೆ ಬಂದೆ. ಬಾಯಾರು ಒಲೆಯ ಮುಂದೆ ಕೂತು ನನಗೆಂದು ನೀರು ಕಾಯಿಸುತ್ತಿದ್ದರು.

"ಎರೆಹುಳಾನ ಸಾಕ್ಕೋತ ಕೂಡ್ರಿ," ಎಂದೆ. "ನಿಮಗ ಮನಶ್ಯಾರು ಬೇಕಾಗಿಲ್ಲ."

ಅವರು ಕಾದ ನೀರನ್ನು ಬಕೀಟಿಗೆ ಸುರಿದರು. ನಾನು ಆ ಬಿಸಿನೀರು ಮುಟ್ಟಲಿಲ್ಲ. ಮರುದಿನ ಮೊದಲ ಬಸ್ಸಿಗೆ ಚೀಲ ಹೊತ್ತು ನಿಪ್ಪಾಣಿಗೆ ಹೊರಟುಬಿಟ್ಟೆ.

ಅಲ್ಲಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಬಾಯಾರು ಕೆಲವು ಸಲ ಫೋನ್ ಮಾಡಿದರು. ಹೆಸರು ನೋಡಿ, ರಿಂಗಾಗುವಷ್ಟು ಆಗಲಿ ಎಂದು ಬಿಟ್ಟೆ. ಆಮೇಲೆ ಅವರೂ ಬಿಟ್ಟರು. ನಾನು ಸರಿ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಸರಿಯಾಗಿರುವುದರಲ್ಲಿ ಇಷ್ಟೊಂದು ವರ್ಷ ಕಳೆಯಬೇಕಾಗಿರಲಿಲ್ಲ. ನಿಪ್ಪಾಣಿಯಿಂದ ಏಕಸಂಬಿಯೇನು ಕಾಶಿಯೇ?

ಈ ಬೇಸಿಗೆಯಲ್ಲಿ ಬಾಯಾರು ತೀರಿಕೊಂಡರೆಂಬ ಸುದ್ದಿ ನನ್ನನ್ನು ಮುಟ್ಟುವ ಹೊತ್ತಿಗೆ ಮಳೆಗಾಲ ಮುಗಿಯುತ್ತಿತ್ತು. ಹೋದೆ. ಸಂಬಂಧಿಕರು ತೋಟವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿದ್ದರು. ನುಗ್ಗೆ ಇಲ್ಲ, ಸೀತಾಫಲ ಇಲ್ಲ, ಬೇವೊಂದು ಉಳಿದಿತ್ತು. ನೆಲ ಉತ್ತು ಕಬ್ಬಿಗೆ ಸಾಲು ಬಿಟ್ಟಿದ್ದರು. ಆ ಮಣ್ಣು ಮಾತ್ರ ಸುತ್ತಲಿನದಕ್ಕಿಂತ ಕಪ್ಪಗಿತ್ತು. ಅದನ್ನು ನೋಡಿ ಅಳು ಬಂತು.

ಬದುವಿನಾಚೆ ಕಾಕು ಸೋಯಾ ಕೊಯ್ಯುತ್ತಿದ್ದರು. ಗುರುತು ಹಿಡಿದು ನೀರು ಕೊಟ್ಟರು. ನಾನು ಬಾಯಾರ ವಿಷಯ ತೆಗೆದು, ಅವತ್ತು ಅವರು ಹಾಗೆ ಮಾಡಬಾರದಿತ್ತು ಎಂದು ಹಳೆಯ ರಾಗ ಶುರುಮಾಡಿದೆ. ಕಾಕು ನನ್ನ ಮುಖವನ್ನೇ ನೋಡಿದರು.

"ನಿಮಗ ಗೊತ್ತಿಲ್ಲೇನ್ರಿ? ನೀವು ಹೋದ ದಿನಾನ ಬಂದಿದ್ರು ಅವರು. ಒಬ್ಬರ. ತೊಯ್ದ ಬೆಳಿ ಎಲ್ಲಾ ತಿರವಿ ತಿರವಿ ಒಣಗಿಸಿದ್ರು, ಆ ಮೊಣಕಾಲ ತಗೊಂಡು."

ಆ ವರ್ಷವಷ್ಟೇ ಅಲ್ಲವಂತೆ. ಬೇವಿನ ಕೆಳಗಿನ ದುಂಡು ಒಡೆದು, ಸ್ವಯಂಸೇವಕರೆಲ್ಲ ಚದುರಿದ ಮೇಲೂ ಬಾಯಾರು ಪ್ರತಿ ಸುಗ್ಗಿಗೆ ಕುಡಗೋಲು ಹಿಡಿದು ಬರುತ್ತಿದ್ದರಂತೆ. ವಿಷ ಹೊಡೆದ ಹೊಲ ಎಂಬ ಮಾತೇ ಎತ್ತಲಿಲ್ಲವಂತೆ. ಕೊಯ್ಯಲು ರಸ್ತೆಗೆ ಹತ್ತಿದ ಸಾಲನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದರಂತೆ.

"ಯಾಕ ರಸ್ತೆದ ಸಾಲ?" ಎಂದು ಕೇಳಿದೆ.

"ಬಸ್ ನೋಡಾಕ್ರಿ," ಎಂದರು ಕಾಕು. "'ಫೋನ ಎತ್ತಂಗಿಲ್ಲ ಆಕಿ, ಆದ್ರ ಮುಯ್ಯಿ ಗೊತ್ತಿದ್ದಾಕಿ, ನಿನ್ನ ಸುಗ್ಗಿಗೆ ಬಂದ ಬರತಾಳ, ಇಲ್ಲೇ ಭೆಟ್ಟಿ ಆಗತೀನಿ' ಅಂತಿದ್ರು."

ಆ ಎಲ್ಲ ವರ್ಷಗಳಲ್ಲಿ ನಾನು ಕಾಕುವಿನ ಒಂದು ಸುಗ್ಗಿಗೂ ಬಂದಿರಲಿಲ್ಲ.