ಕಣದಲ್ಲಿ ಬಿಚ್ಚಿದ ಲಾರಿ

ಕಾದ ಕಬ್ಬಿಣದ ಮೇಲೆ ಎಂಜಿನ್ ಆಯಿಲ್ ತೊಟ್ಟಿಕ್ಕಿದರೆ ಒಂದು ವಾಸನೆ ಏಳುತ್ತದೆ. ಬಾಣಲೆಯಲ್ಲಿ ಒಗ್ಗರಣೆ ಮರೆತಾಗಿನ ಘಾಟಿಗೆ ಸ್ವಲ್ಪ ಹತ್ತಿರ, ಆದರೆ ಅದಕ್ಕಿಂತ ಮಂದ, ಗಂಟಲಲ್ಲಿ ಕೂತುಕೊಳ್ಳುವಂಥದು. ಈ ಸಲ ಸುಗ್ಗಿ ಮುಗಿದ ಮೇಲೆ ಮೊಮ್ಮಗಳು ಸಿಂಚನಳನ್ನು ಕರೆದುಕೊಂಡು ಸಖರಾಯಪಟ್ಟಣದಿಂದ ಚೌಳಹಿರಿಯೂರಿಗೆ, ನನ್ನ ತಮ್ಮ ಷಡಕ್ಷರಿಯ ಮನೆಗೆ ಹೋಗಿದ್ದೆ. ಬಸ್ಸಿಳಿದು ಅವನ ಕಣದ ಬೇಲಿ ದಾಟುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಚೀಲ ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟೆ. ಆ ಒಂದು ಗಳಿಗೆ ನನಗೆ ಮಂಡಿ ನೋವಿರಲಿಲ್ಲ, ಮೊಮ್ಮಕ್ಕಳೂ ಇರಲಿಲ್ಲ. ಅಜ್ಜಂಪುರದ ಮನೆಯ ಹಿಂದಿನ ಕಣದಲ್ಲಿ ಲಂಗದ ತುಂಬ ಮಸಿ ಮಾಡಿಕೊಂಡು, ಅವ್ವನ ಕೈಯಲ್ಲಿ ಬೈಸಿಕೊಳ್ಳುವ ಹುಡುಗಿಯಾಗಿದ್ದೆ. ನೀವು ಹುಟ್ಟಿದ ಮನೆಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಕೆಲವರದು ಕೊಟ್ಟಿಗೆಯದು, ಕೆಲವರದು ಬೆಲ್ಲದ ಅಂಗಡಿಯದು. ನಮ್ಮದು ಲಾರಿ ಮನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದಷ್ಟು ಸಂತೋಷವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಂಪುರದ ಆ ಮನೆ ಈಗಿಲ್ಲ. ಅಲ್ಲಿ ಅಂಗಡಿ ಸಾಲು ಎದ್ದಿದೆ. ಆಗ ಮುಂದೆ ಜಗಲಿ, ಹಿಂದೆ ಕಣ, ಕಣದ ತುಂಬ ಅಪ್ಪನ ಲಾರಿ. ರಾಗಿ ಒಕ್ಕಣೆಗೆ ಮಾತ್ರ ಲಾರಿ ಹೊರಗೆ ಬೀದಿಯಲ್ಲಿ ನಿಲ್ಲುತ್ತಿತ್ತು, ಮಿಕ್ಕ ದಿನವೆಲ್ಲ ಕಣ ಅದರದ್ದೇ. ಅಪ್ಪ ಈರುಳ್ಳಿ ತುಂಬಿಕೊಂಡು ಹೋಗಿ ತೆಂಗಿನಕಾಯಿ ತುಂಬಿಕೊಂಡು ಬರುತ್ತಿದ್ದ. ಹಾಗಾಗಿ ನಮ್ಮ ಹಾಸಿಗೆ ಬಟ್ಟೆಗೂ ಈರುಳ್ಳಿಯ ವಾಸನೆ, ಅಪ್ಪನ ತಲೆಗೂ ಈರುಳ್ಳಿ ಸಿಪ್ಪೆ. ಆಗಿನ ಲಾರಿಗೆ ಪವರ್ ಸ್ಟೇರಿಂಗ್ ಎಂಬುದಿರಲಿಲ್ಲ. ತುಂಬಿದ ಗಾಡಿಯನ್ನು ತಿರುಗಿಸುವುದೆಂದರೆ ಬಾವಿಯಿಂದ ಎರಡು ಕೊಡವನ್ನು ಒಂದೇ ಹಗ್ಗದಲ್ಲಿ ಸೇದಿದ ಹಾಗೆ. ನಮ್ಮ ಕಣದ ಬಾಯಿ ಬೇರೆ ಕಿರಿದು. ಬೀದಿಯಿಂದ ಒಳಗೆ ತಿರುಗಿಸುವಾಗ ಅಪ್ಪನ ಕೈ ಸಾಲುತ್ತಿರಲಿಲ್ಲ. ಹಾರನ್ ಕೇಳಿಸಿದ ಕೂಡಲೇ ಅವ್ವ ಒಲೆಯ ಕಟ್ಟಿಗೆ ಹೊರಗೆಳೆದು, ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದಳು. ಎಡಗಡೆಯಿಂದ ಕ್ಯಾಬಿನ್ ಹತ್ತಿ, ಅಪ್ಪನ ಪಕ್ಕದಲ್ಲಿ ನಿಲ್ಲುತ್ತಿದ್ದಳು, ಇಬ್ಬರೂ ಸೇರಿ ಸ್ಟೇರಿಂಗ್ ಎಳೆಯುತ್ತಿದ್ದರು. "ನಿನ್ ಬಳೆ ಒಡೀತವೆ ಬಿಡೇ" ಎಂದು ಅಪ್ಪ ಅಂದರೆ, "ಬಳೆ ಒಡೆದ್ರೆ ಒಡೀಲಿ, ನೀವು ಗೋಡೆ ಒಡೀಬ್ಯಾಡಿ" ಅನ್ನುತ್ತಿದ್ದಳು. ಬೀದಿಯವರು ಜಗಲಿಯ ಮೇಲೆ ನಿಂತು ನೋಡುತ್ತಿದ್ದರು. ಅವ್ವನಿಗೆ ಅದೇನೂ ನಾಚಿಕೆಯ ಸಂಗತಿಯಾಗಿರಲಿಲ್ಲ. ಇಳಿದು ಬಂದು ಮತ್ತೆ ಒಲೆ ಊದುತ್ತಿದ್ದಳು.

ಲಾರಿ ಕೆಟ್ಟರೆ ಅಪ್ಪ ಅದನ್ನು ಎಲ್ಲಿಗೂ ಒಯ್ಯುತ್ತಿರಲಿಲ್ಲ, ಕಣದಲ್ಲೇ ಬಿಚ್ಚುತ್ತಿದ್ದ. ಬಿಚ್ಚುವುದು ಅಪ್ಪನ ಕೆಲಸ, ಬಿಚ್ಚಿದ್ದನ್ನು ಕಾಯುವುದು ಅವ್ವನ ಕೆಲಸ. ಗೋಣಿಚೀಲ ಹಾಸಿ, ಮೊದಲು ಬಿಚ್ಚಿದ್ದು ಈ ಕೊನೆಗೆ, ಕಡೆಗೆ ಬಿಚ್ಚಿದ್ದು ಆ ಕೊನೆಗೆ, ಸಾಲಾಗಿ ಇಡುತ್ತಿದ್ದಳು. ಯಾರೂ ದಾಟಬಾರದು, ಕೋಳಿ ಕೆದಕಬಾರದು ಎಂದು ಗೋಣಿಯ ಸುತ್ತ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದಳು. ಕೋಳಿಗೆ ಗೆರೆ ಗೊತ್ತಿಲ್ಲ, ನಮಗೆ ಗೊತ್ತಿತ್ತು. ತಿರುಗಿ ಜೋಡಿಸಿದ ಮೇಲೆ ಗೋಣಿಯ ಮೇಲೆ ಒಂದು ನಟ್ಟು ಉಳಿದರೂ ಆ ನಟ್ಟಿನ ಜಾಗ ಸಿಗುವವರೆಗೆ ಮನೆಯಲ್ಲಿ ಯಾರಿಗೂ ಊಟವಿಲ್ಲ. ಮುದ್ದೆ ಆರಿ ಕಲ್ಲಾಗುತ್ತಿತ್ತು. ಷಡಕ್ಷರಿ ಹಸಿವಿಗೆ ಅಳುತ್ತಾ ಲಾರಿಯ ಕೆಳಗೆ ಮಲಗಿ, ಖಾಲಿ ತೂತು ಹುಡುಕಿ ಕೂಗುತ್ತಿದ್ದ. ಅವನು ಕೆಲಸ ಕಲಿತದ್ದೇ ಹಾಗೆ, ಹೊಟ್ಟೆಗಾಗಿ.

ಒಮ್ಮೆ ಎಂಜಿನ್ ಆಯಿಲನ್ನು ತಣ್ಣಗೆ ಮಾಡುವ ಕೂಲರ್‌ನ ಪೈಪು ಒಡೆದಿತ್ತು. ಅಪ್ಪ ಕಡೂರಿನಿಂದ ಹೊಸದು ತಂದ. ಹೊಸದಾಗಿ ಮನೆಗೆ ಏನೇ ಬಂದರೂ, ಸೇರು ಬಂದರೂ ಸೊಸೆ ಬಂದರೂ, ಅವ್ವ ಮೂರು ಬೆರಳಲ್ಲಿ ವಿಭೂತಿ ಹಚ್ಚದೆ ಬಿಡುವವಳಲ್ಲ. ಪೈಪಿನ ಎರಡು ಬಾಯಿಗೂ ಹಚ್ಚಿದಳು. ಅಪ್ಪ ಅದನ್ನು ಕೂರಿಸಿ ಎಷ್ಟು ಬಿಗಿದರೂ ಆಯಿಲ್ ಜಿನುಗುತ್ತಲೇ ಇತ್ತು. ಬಿಚ್ಚಿ ನೋಡಿದರೆ ತಾಮ್ರದ ವಾಷರ್ ಕೆಳಗೆ ವಿಭೂತಿ ಗಟ್ಟಿಯಾಗಿ ಕೂತು, ವಾಷರನ್ನು ಎತ್ತಿ ಹಿಡಿದಿತ್ತು. ಅಪ್ಪ ಪಂಚೆಯ ತುದಿಯಿಂದ ಒರೆಸುತ್ತಾ, "ಬಾನೆಟ್ಟಿಗೆ ಹಚ್ಚೇ, ಬಾಯಿಗೆ ಬ್ಯಾಡ. ಶಿವನಿಗೆ ಅಲ್ಲಿಂದಾನೂ ಕಾಣ್ತದೆ" ಅಂದ. ಅವ್ವ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಬಾನೆಟ್ಟಿಗೇ ಹಚ್ಚಿದಳು.

ಅಪ್ಪನ ಬಲಭುಜ ಬಹಳ ವರ್ಷ ತಡೆಯಲಿಲ್ಲ. ಮೊದಲು ರಾತ್ರಿ ನೋಯುತ್ತಿತ್ತು, ಆಮೇಲೆ ಹಗಲೂ ನೋಯಿತು. ಅವ್ವ ಬೇವಿನೆಣ್ಣೆ ಕಾಯಿಸಿ ತಿಕ್ಕಿದಳು, ಬಿಸಿ ಉಪ್ಪಿನ ಗಂಟು ಇಟ್ಟಳು. ಒಂದು ದಿನ ತರೀಕೆರೆಯಿಂದ ಬರುವಾಗ ತಿರುವಿನಲ್ಲಿ ಕೈ ಏಳಲಿಲ್ಲವಂತೆ, ಗಾಡಿ ಚರಂಡಿಯ ಅಂಚಿಗೆ ಹೋಗಿ ನಿಂತಿತಂತೆ. ಮನೆಗೆ ಬಂದು ಬೀಗದ ಕೈಯನ್ನು ದೇವರ ಗೂಡಿನಲ್ಲಿಟ್ಟ. ಮತ್ತೆ ತೆಗೆಯಲಿಲ್ಲ. ಲಾರಿ ಮಾರಿದೆವು, ಕಣ ಬಯಲಾಯಿತು. ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತು ಬೀದಿಯಲ್ಲಿ ಹೋಗುವ ಪ್ರತಿ ಗಾಡಿಯ ಸದ್ದು ಕೇಳುತ್ತಿದ್ದ. ಗೇರ್ ಬದಲಾಯಿಸುವ ಜಾಗಕ್ಕೆ ಸರಿಯಾಗಿ ಅವನ ಎಡಗೈ ತೊಡೆಯ ಮೇಲೆ ತಾನಾಗಿ ಅಲ್ಲಾಡುತ್ತಿತ್ತು. ಷಡಕ್ಷರಿ ದೊಡ್ಡವನಾಗಿ ತನ್ನದೇ ಲಾರಿ ತಂದಾಗ, "ಬಾರಪ್ಪಾ, ಒಂದು ಸುತ್ತು ಹೋಗಿ ಬರಾಣ" ಎಂದು ಎಡಗಡೆ ಬಾಗಿಲು ತೆಗೆದು ನಿಂತಿದ್ದ. ಅಪ್ಪ ಗಾಡಿಯ ಸುತ್ತ ಒಂದು ಸಲ ನಡೆದು, ಚಕ್ರ ಮುಟ್ಟಿ, "ನಾನು ಬಸ್ಸಿಗೆ ಬತ್ತೀನಿ ಬಿಡು" ಅಂದ. ಸಾಯುವವರೆಗೂ ಎಡಗಡೆ ಸೀಟಿನಲ್ಲಿ ಕೂರಲಿಲ್ಲ.

ಇನ್ನು ಈ ಸಲ ಬಸ್ಸಿಳಿದ ದಿನ ಚೌಳಹಿರಿಯೂರಿನಲ್ಲಿ ನಾನು ಕಂಡದ್ದು ಇಷ್ಟು. ಷಡಕ್ಷರಿ ಎಂಜಿನ್ ಚಾಲೂ ಮಾಡಿ, ಎಲ್ಲಿ ಸೋರುತ್ತಿದೆ ಎಂದು ಬಗ್ಗಿ ನೋಡಿದ, ಆಫ್ ಮಾಡಿದ, ಹೋಗಿ ಜಗಲಿಯ ಮೇಲೆ ಬೀದಿಗೆ ಮುಖಮಾಡಿ ಕೂತ. ಅಪ್ಪನ ಭುಜವೇ ಅವನಿಗೂ ಬಂದಿದೆ. ಇಷ್ಟು ವರ್ಷ ಪವರ್ ಸ್ಟೇರಿಂಗ್ ಇದ್ದದ್ದಕ್ಕೆ ಗಾಡಿ ಓಡಿಸುತ್ತಿದ್ದ. ಒಳಗೆ ಎರಡು ಜೊತೆ ಪೈಪು ಒಂದಕ್ಕೊಂದು ತಗುಲಿಕೊಂಡಿದ್ದವು, ಸ್ಟೇರಿಂಗನ್ನು ಹಗುರ ಮಾಡುವ ಆಯಿಲಿನ ಪೈಪು ಮತ್ತು ಕೂಲರ್ ಪೈಪು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಎರಡೂ ಸವೆದು, ಕೂಲರಿನದು ಸೋರತೊಡಗಿ, ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಸ್ಟೇರಿಂಗಿನದು ಒಡೆದೇ ಹೋಗಿತ್ತು. ಸ್ಟೇರಿಂಗ್ ಕಲ್ಲಾಯಿತು. ಆ ನೋಯುವ ಭುಜದಲ್ಲಿ ಗಾಡಿಯನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿದ್ದ. ಆಮೇಲೆ ಇನ್ನೊಂದು ಲಾರಿಗೆ ಕಟ್ಟಿಸಿ ಕಣಕ್ಕೆ ಎಳೆಸಿ ತಂದಿದ್ದ. ಗ್ಯಾರೇಜಿನವರು ಬಂದು ನೋಡಿ, ಹಳೇ ಮಾಡೆಲ್, ಇದರ ಪೈಪು ಸಿಗಲ್ಲ, ಗುಜರಿಗೆ ಕೊಟ್ಬಿಡಿ ಅಂದರಂತೆ.

"ಕೊಟ್ಬಿಡ್ತೀನಿ ಕಣಕ್ಕಾ" ಅಂದ ಷಡಕ್ಷರಿ. "ಸಾಕು. ಎಷ್ಟು ದಿನ ಅಂತ."

ಅವನು ಕೂತದ್ದು ಥೇಟ್ ಅಪ್ಪನ ಹಾಗೇ. ಎಡಗೈ ತೊಡೆಯ ಮೇಲಿತ್ತು. ಲಾರಿ ಹೋದರೆ ಹೋಗಲಿ, ಈ ಕಂಬಕ್ಕೆ ಇವನೂ ಒರಗಿಬಿಟ್ಟರೆ ಮತ್ತೆ ಏಳಿಸುವವರು ಯಾರು?

ಸಿಂಚನ ಕಡೂರಿನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದ್ದಾಳೆ. ಅವಳು ಆಗಲೇ ಲಾರಿಯ ಕೆಳಗಿದ್ದಳು. ಅಲ್ಲಿಂದಲೇ ಕೂಗಿದಳು: "ತಾತ, ಪೈಪ್ ಸಿಗ್ದಿದ್ರೆ ಮಾಡಿಸ್ಬೋದಲ್ಲ. ಹಳೇದನ್ನ ಬಿಚ್ಚಿ ಅಳತೆಗೆ ತಗೊಂಡೋದ್ರೆ ಹೋಸ್ ಅಂಗ್ಡೀಲಿ ಹಂಗೇ ಹೊಸ ಪೈಪಿಗೆ ಬಾಯಿ ಕೂರ್ಸಿ ಪ್ರೆಸ್ ಮಾಡ್ಕೊಡ್ತಾರೆ."

"ಯಾರು ಬಿಚ್ಚೋರು?"

"ನಾನು."

"ನೀನು ಬಿಚ್ಚಿರೋದು ಕಾಲೇಜಿನ ಎಂಜಿನ್ನು. ಅದು ಸುಮ್ನೆ ಕೂತಿರ್ತದೆ. ಇದು ಬೈಯ್ತದೆ."

"ನೀವೂ ಬೈತೀರಲ್ಲ ತಾತ, ಅಭ್ಯಾಸ ಆಗುತ್ತೆ ಬಿಡಿ."

ಷಡಕ್ಷರಿ ನನ್ನ ಮುಖ ನೋಡಿದ. ನಾನು ಒಳಗೆ ಹೋಗಿ ಗೋಣಿಚೀಲ ತಂದು ಹಾಸಿದೆ.

ಬೆಳಿಗ್ಗೆ ಎಂಜಿನ್ ಪೂರಾ ತಣ್ಣಗಿರುವಾಗ ಶುರುಮಾಡಿದರು. ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು, ಡೀಸೆಲ್ ಬಿಟ್ಟು ಕಾದರು. ಪೈಪು ಸಡಿಲವಾದಾಗ ಸುರಿಯುವ ಆಯಿಲಿಗೆ ನಾನು ಹಳೇ ಬೋಗುಣಿ ಹಿಡಿದೆ. ಷಡಕ್ಷರಿ ಎಡಗೈಯಲ್ಲಿ ಟಾರ್ಚ್ ಹಿಡಿದು, "ಎಳೀಬ್ಯಾಡ, ತಿರುಗ್ಸು. ಲೇ, ಆ ಕಡೆಗಲ್ಲ" ಎಂದು ಬೈಯುತ್ತಲೇ ಇದ್ದ. ಅವಳು "ಹ್ಞೂ ತಾತ, ಹ್ಞೂ ತಾತ" ಎನ್ನುತ್ತಾ ತನಗೆ ತೋಚಿದ್ದನ್ನೇ ಮಾಡುತ್ತಿದ್ದಳು. ಕಣದಲ್ಲಿ ರಾಗಿ ಹೊಟ್ಟು ಹಾರುತ್ತಿತ್ತು. ಒಂದು ಚೂರು ಒಳಗೆ ಹೋದರೂ ಕೆಟ್ಟಿತು ಎಂದು, ಖಾಲಿಯಾದ ಬಾಯಿಗಳಿಗೆಲ್ಲ ಪ್ಲಾಸ್ಟಿಕ್ ಕವರ್ ಕಟ್ಟಿದರು. ನಾನು ಗೋಣಿಯ ಸುತ್ತ ರಂಗೋಲಿ ಗೆರೆ ಎಳೆದೆ. ಸಿಂಚನ ನಕ್ಕಳು: "ಅಜ್ಜಿ, ಸ್ಪ್ಯಾನರ್‌ಗೂ ರಂಗೋಲಿನಾ?" "ದಾಟಿದ್ರೆ ಊಟ ಇಲ್ಲ" ಅಂದೆ. ಷಡಕ್ಷರಿಯ ಮುಖದಲ್ಲಿ ಆಗ ಮೊದಲ ಬಾರಿ ನಗು ಬಂತು. ಮಧ್ಯಾಹ್ನದ ಬಸ್ಸಿಗೆ ಅವಳು ಹಳೇ ಪೈಪುಗಳನ್ನು ಚೀಲಕ್ಕೆ ತುಂಬಿಕೊಂಡು ಕಡೂರಿಗೆ ಹೋದಳು. ಚೀಲದಿಂದ ಆಯಿಲ್ ಸೋರಿತೆಂದು ಕಂಡಕ್ಟರ್ ದಾರಿಯುದ್ದಕ್ಕೂ ಬೈದನಂತೆ. ಸಂಜೆ ಹೊಸ ಪೈಪುಗಳ ಜೊತೆ ಬಂದಳು, ಕಪ್ಪಗೆ ಹಾವಿನಂತೆ ಹೊಳೆಯುತ್ತಿದ್ದವು.

ಮರುದಿನ ಕೂರಿಸಿದರು. ಈ ಸಲ ಒಂದಕ್ಕೊಂದು ತಾಗದಂತೆ ದೂರ ದೂರ ಕಟ್ಟಿದರು. ಆಯಿಲ್ ತುಂಬಿ, ಜಾಕಿ ಕೊಟ್ಟು ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿದರು. ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ ಹೋಗಬೇಕಾದರೆ ಎಂಜಿನ್ ಚಾಲೂ ಮಾಡದೆ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಾ ಇರಬೇಕಂತೆ. ಷಡಕ್ಷರಿ ಆಯಿಲ್ ಹಾಕಬೇಕು, ಸಿಂಚನ ಗುಳ್ಳೆ ನೋಡಬೇಕು. ತಿರುಗಿಸಲು ನಾನೇ ಉಳಿದದ್ದು. ಮಂಡಿ ಹಿಡಿದುಕೊಂಡು ಕ್ಯಾಬಿನ್ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತೆ. ಹುಟ್ಟಿದ್ದು ಲಾರಿ ಮನೆಯಲ್ಲಾದರೂ ಆ ಸೀಟಿನಲ್ಲಿ ಅದೇ ಮೊದಲು. ಬಳೆ ಸದ್ದು ಮಾಡುತ್ತಿದ್ದವು. ಸಿಂಚನ ಕೆಳಗಿನಿಂದ "ಸಾಕು ಅಜ್ಜಿ, ಗುಳ್ಳೆ ನಿಂತವೆ" ಎಂದರೂ ನಾನು ಇನ್ನೊಂದು ಸಲ ತಿರುಗಿಸಿದೆ.

ಚಕ್ರ ಇಳಿಸಿ ಎಂಜಿನ್ ಚಾಲೂ ಮಾಡಿದರು. ಸ್ಟೇರಿಂಗ್ ಬೆಣ್ಣೆಯಾಗಿತ್ತು. ಆದರೆ ಸ್ವಲ್ಪ ಹೊತ್ತಿಗೆ ಕೂಲರ್ ಪೈಪಿನ ಬಾಯಲ್ಲಿ ಆಯಿಲ್ ಜಿನುಗಿ ತೊಟ್ಟಿಕ್ಕಿತು. ಬಿಗಿದರು, ಮತ್ತೆ ಜಿನುಗಿತು. ಸಿಂಚನ ಪೆಚ್ಚಾದಳು. ಷಡಕ್ಷರಿ ಎಂಜಿನ್ ಆಫ್ ಮಾಡಿ ಜಗಲಿಯ ಕಡೆ ತಿರುಗಿದ. "ನಾನ್ ಹೇಳ್ಲಿಲ್ವಾ. ಗುಜರೀಗೇ ಸರಿ ಇದು."

ಎಂಜಿನ್ನಿನ ಸಂಗತಿ ನನಗೆ ಏನೂ ತಿಳಿಯದು. ತಿಳಿದದ್ದು ಒಂದೇ. ಕೇಳಿದೆ: "ಷಡಕ್ಷರಿ, ಬೆಳಿಗ್ಗೆ ಪೂಜೆ ಮುಗಿಸ್ಕೊಂಡು ಬಂದೋನು ಪೈಪ್ ಮುಟ್ಟಿದ್ಯಾ?"

"ಮುಟ್ದೆ. ಯಾಕೆ?"

"ವಿಭೂತಿ ಹಚ್ಚಿದ್ಯಾ?"

ಅವನು ತನ್ನ ಮೂರು ಬೆರಳು ನೋಡಿಕೊಂಡ. "ಹೊಸದಲ್ವಾ" ಅಂದ, ಮೆಲ್ಲಗೆ.

ತಣ್ಣಗಾದ ಮೇಲೆ ಬಿಚ್ಚಿದರೆ ವಾಷರ್ ಕೆಳಗೆ ಬೂದಿ ಆಯಿಲಿನಲ್ಲಿ ಕಲಸಿ ಕೆಸರಾಗಿತ್ತು. ಸಿಂಚನ ಲಾರಿಯ ಕೆಳಗೇ ಮಲಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಾತ, ಇದು ನಮ್ ಸಿಲಬಸ್ಸಲ್ಲಿ ಇರ್ಲಿಲ್ಲ." ಒರೆಸಿ, ಹೊಸ ವಾಷರ್ ಹಾಕಿ ಬಿಗಿದರು. ಗಂಟೆಗಟ್ಟಲೆ ಎಂಜಿನ್ ಓಡಿಸಿದರೂ ಒಂದು ಹನಿ ಬೀಳಲಿಲ್ಲ. ಗೋಣಿಯ ಮೇಲೂ ಏನೂ ಉಳಿದಿರಲಿಲ್ಲ. ಬಿಸಿ ಮುದ್ದೆಯನ್ನೇ ಉಂಡೆವು.

ಊಟ ಮುಗಿಸಿ ಮೂವರೂ ಅಜ್ಜಂಪುರದ ಕಡೆ ಹೊರಟೆವು. ಷಡಕ್ಷರಿ ಬರೀ ಅಂಗೈ ಇಟ್ಟು ಸ್ಟೇರಿಂಗ್ ತಿರುಗಿಸುತ್ತಿದ್ದ. ನಾನು ನಡುವೆ, ಸಿಂಚನ ಎಡಗಡೆ. ಬುಕ್ಕಾಂಬುಧಿಯಲ್ಲಿ ಏರಿ ಹತ್ತುವ ಮುಂಚೆ ಅವನು ಗಾಡಿ ನಿಲ್ಲಿಸಿದ. ಕೆಳಗಿಳಿದು, ಮುಂದಿನಿಂದ ಸುತ್ತಿ ಬಂದು, ಎಡಗಡೆ ಬಾಗಿಲು ತೆಗೆದ. "ಇಳಿ. ಹೋಗಿ ಆ ಕಡೆ ಹತ್ತು, ನೀನ್ ಹೊಡಿ" ಅಂದ ಸಿಂಚನಳಿಗೆ. ಅವಳ ಹತ್ತಿರ ದೊಡ್ಡ ಗಾಡಿಯ ಲೈಸೆನ್ಸ್ ಇದೆ, ಆದರೆ ಇದುವರೆಗೂ ಅವನು ಯಾರಿಗೂ ಆ ಸ್ಟೇರಿಂಗ್ ಕೊಟ್ಟವನಲ್ಲ. ನನಗೆ ಬೀಗದ ಕೈ ದೇವರ ಗೂಡಿಗೆ ಹೋದ ದಿನ ನೆನಪಾಯಿತು.

"ಕೈ ನೋಯ್ತದೇನೋ?" ಎಂದೆ.

"ಇಲ್ಲ ಕಣಕ್ಕ. ಪೈಪ್ ಹಾಕ್ದೋಳು ಹೆಂಗಾಗೈತೆ ಅಂತ ನೋಡ್ಬೇಕಲ್ವಾ. ಬರ್ತಾ ನಾನೇ ಹೊಡೀತೀನಿ" ಎನ್ನುತ್ತಾ ಎಡಗಡೆ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

ಸಿಂಚನ ಮೆಲ್ಲಗೆ ಗಾಡಿಯನ್ನು ಏರಿಯ ಮೇಲಕ್ಕೆ ತಂದಳು. ಷಡಕ್ಷರಿ ಕಿಟಕಿಯ ಮೇಲೆ ಮೊಣಕೈ ಊರಿ ಹೊರಗೆ ನೋಡುತ್ತಿದ್ದ. ನೀರಿನ ಮೇಲೆ ಬಿಸಿಲು ಬಿದ್ದಿತ್ತು, ಆಚೆ ದಡ ಕಾಣುತ್ತಿರಲಿಲ್ಲ.

"ಈ ಕೆರೆ ಇಷ್ಟ್ ದೊಡ್ಡದು ಅಂತ ಗೊತ್ತೇ ಇರ್ಲಿಲ್ಲ ಕಣಕ್ಕಾ" ಅಂದ. "ಇಷ್ಟು ವರ್ಷ ರಸ್ತೆ ನೋಡಿದ್ದೇ ಆಯ್ತು."

ಅಪ್ಪನೂ ಇದೇ ಏರಿಯ ಮೇಲೆ ಈರುಳ್ಳಿ ಹೇರಿಕೊಂಡು ಹೋಗಿ ಬರುತ್ತಿದ್ದ. ಅವನಿಗೆ ಈ ನೀರು ಎಷ್ಟು ಕಂಡಿತ್ತೋ, ನಾವು ಯಾರೂ ಕೇಳಲಿಲ್ಲ.