ಇಳಿಸಿಕೊಂಡ ಹರಕೆ

ನಾನು ಎದೆಯ ಶಸ್ತ್ರಚಿಕಿತ್ಸಕ. ಎದೆ ಎಂದರೆ ಹೃದಯವಲ್ಲ, ಶ್ವಾಸಕೋಶ. ಅದರ ಹೊದಿಕೆಗೆ ಬರುವ ಮೀಸೋಥೆಲಿಯೋಮ ಎಂಬ ಕ್ಯಾನ್ಸರೇ ನನ್ನ ಮುಖ್ಯ ಕೆಲಸ. ಹರೆಯದಲ್ಲಿ ಉಸಿರಿನೊಂದಿಗೆ ಒಳಹೋದ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳು ಮುಪ್ಪಿನಲ್ಲಿ ತರುವ ಕಾಯಿಲೆ ಅದು. ಇಷ್ಟು ಹೇಳದಿದ್ದರೆ ಮುಂದಿನದು ಅರ್ಥವಾಗದೇನೋ ಎಂಬ ಅಳುಕು ನನಗೆ.

ಶ್ರೀರಾಂಪುರದ ಸಿದ್ದಪ್ಪನವರು ಕಲ್ನಾರು ಶೀಟು ಕೊಯ್ದು ಮನೆಗಳಿಗೆ ಚಾವಣಿ ಹಾಕುತ್ತಿದ್ದವರು. ಈಗ ಎದೆಯಲ್ಲಿ ನೀರು ತುಂಬಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ರಾತ್ರಿ ಕಳೆಯುತ್ತಿದ್ದರು. ಗಡ್ಡೆಯನ್ನು ಪೂರ್ತಿ ತೆಗೆಯುವ ಹಂತ ದಾಟಿದೆ ಎಂದು ಆದಷ್ಟು ಮೆತ್ತಗೆ ಹೇಳಿದೆ.

ಅವರ ಹೆಂಡತಿ ಗೌರಮ್ಮ ಅತ್ತೇಬಿಟ್ಟರು. "ವಾಸಿಯಾದ್ರೆ ನಂಜನಗೂಡಲ್ಲಿ ಇವ್ರ ಮುಡಿ ಕೊಡುಸ್ತೀನಿ ಅಂತ ಹರಕೆ ಹೊತ್ತಿದ್ದೀನಲ್ಲ ಸಾರ್!"

ಸಿದ್ದಪ್ಪನವರು ಅಳಲಿಲ್ಲ. "ನಿಮ್ ಕೈಲಿ ಎಷ್ಟಾಗುತ್ತೆ, ಅದ್ನೇಳಿ."

"ನೀರು ತೆಗೆದು, ಮತ್ತೆ ತುಂಬದ ಹಾಗೆ ಮಾಡಲು ನೋಡಬಹುದು. ಆಗ ಮಲಗಿ ನಿದ್ದೆ ಮಾಡಬಹುದು."

"ಅಷ್ಟೇ ಸಾಕು ಬುಡಿ. ನಿದ್ದೆ ಬಂದ್ರೂ ಮುಡಿ ಕೊಡ್ತೀನಿ, ಹರಕೆನ ಅಷ್ಟಕ್ಕೇ ಇಳಿಸ್ಕೋತೀನಿ. ದೇವ್ರ ಹತ್ರ ನಾನು ಮಾತಾಡ್ಕೋತೀನಿ. ನಿಮ್ ಕೆಲ್ಸ ನೀವು ನೋಡಿ."

ನೀರು ತೆಗೆದೆವು. ಮುಂದಿನ ತಿಂಗಳು ಅವರು ನುಣ್ಣನೆ ಬೋಳಿಸಿದ ತಲೆಯಲ್ಲಿ ಬಂದರು. ಕಾಯಿಲೆ ಒಳಗೆ ಹಾಗೇ ಇತ್ತು, ಅದು ಅವರಿಗೂ ಗೊತ್ತಿತ್ತು. ಆದರೂ ಪ್ರಸಾದ ನನ್ನ ಕೈಗಿಟ್ಟು, "ಕೊಟ್ಬುಟ್ಟೆ ಸಾರ್" ಎಂದರು.

"ಇವ್ರೇನೋ ಮಲಗ್ತಾರೆ," ಗೌರಮ್ಮ ಗೊಣಗಿದರು. "ಇವ್ರ ಗೊರಕೆಗೆ ಈಗ ನಂಗೇ ನಿದ್ದೆ ಇಲ್ಲ ಕಣ್ರೀ!"

ಗೊರಕೆ ನನ್ನ ವಿಭಾಗಕ್ಕೆ ಬರುವುದಿಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಆಕೆ ನಗುತ್ತಿದ್ದುದನ್ನು ಕಂಡು ಪ್ರಸಾದ ಬಾಯಿಗೆ ಹಾಕಿಕೊಂಡೆ.